ಮಂಗಳವಾರದ ನೂರು ಎಂಬಿ

"ನಾನು ಸಹಿ ಹಾಕಲ್ಲ. ಪೊಲೀಸ್ ಬರಲಿ, ಅವರಪ್ಪ ಬರಲಿ, ಹಾಕಲ್ಲ!"

ಶುಕ್ರವಾರ ಮಧ್ಯಾಹ್ನ ಸೈಬರ್ ಅಂಗಡಿಯ ಬಾಗಿಲು ದೂಡಿಕೊಂಡು ಬಂದ ಹೆಂಗಸಿನ ಅಬ್ಬರಕ್ಕೆ ಮೌಸಪ್ಪ ಬೆಚ್ಚಿ ಎದ್ದು ನಿಂತ. ದಿನವಿಡೀ ಕಂಪ್ಯೂಟರುಗಳ ಮೌಸ್ ಒರೆಸುತ್ತಿರುತ್ತಾನೆಂದು ಗಿರಾಕಿಗಳು ಅವನಿಗಿಟ್ಟ ಹೆಸರು ಅದು. ಬಂದವಳು ಪಕ್ಕದ ಬೀದಿಯ ಬೀಗದ ಕಾರ್ಖಾನೆಯ ನಕ್ಷೆಗಾರ್ತಿ. ಅವಳು ನೇರವಾಗಿ ನಡೆದದ್ದು ಮೂಲೆಯ ಕುರ್ಚಿಯ ಕಡೆಗೆ, ದೊಡ್ಡಮ್ಮನ ಹತ್ತಿರ.

ದೊಡ್ಡಮ್ಮ ಮೌಸಪ್ಪನ ತಾಯಿಯ ಅಕ್ಕ. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ, ಈಗ ಅಂಗಡಿಯ ಮಹಡಿಯಲ್ಲೇ ವಾಸ. ಬೀದಿಯಲ್ಲಿ ಏನೇ ಕಳುವಾಗಲಿ, ಯಾರೇ ಸುಳ್ಳು ಹೇಳಲಿ, ಜನ ಮೊದಲು ಬರುವುದು ಅವಳ ಕುರ್ಚಿಯ ಬಳಿಗೆ. ಬಿಟ್ಟಿ ಇಮೇಲ್ ಕೊಡುವ ಕಂಪನಿಗಳಲ್ಲೆಲ್ಲ ಅವಳದೊಂದೊಂದು ಖಾತೆ. ಆ ವಾರ ಆ ಕಂಪನಿಗಳು ಪೈಪೋಟಿಗೆ ಬಿದ್ದಿದ್ದವು. ಬುಧವಾರ ಒಬ್ಬರು ಐವತ್ತು ಎಂಬಿ ಜಾಗ ಕೊಡುತ್ತೇವೆಂದರೆ, ಗುರುವಾರ ಮಧ್ಯಾಹ್ನ 'ಪಾರಿವಾಳ'ದವರು ಎಲ್ಲರ ಪೆಟ್ಟಿಗೆಯನ್ನೂ ಒಮ್ಮೆಲೇ ನಾಲ್ಕರಿಂದ ನೂರಕ್ಕೇರಿಸಿದ್ದರು. ದೊಡ್ಡಮ್ಮನಿಗೆ ಖುಷಿಗಿಂತ ಸಿಟ್ಟೇ ಹೆಚ್ಚಾಗಿತ್ತು. "ನಾಲ್ಕು ವರ್ಷ ಜಾಗ ಇಲ್ಲ ಅಂತ ನನ್ನ ಕೈಲೇ ಕಾಗದ ಅಳಿಸಿದ್ರಲ್ಲ, ಈಗ ಎಲ್ಲಿಂದ ಬಂತೋ ಜಾಗ? ಇತ್ತು, ಕೊಡಲಿಲ್ಲ!" ಎಂದು ಬೆಳಗಿನಿಂದ ಗೊಣಗುತ್ತಲೇ ಇದ್ದಳು.

"ಕೂತ್ಕೋ ಮಗಳೇ. ಏನಾಯ್ತು ಹೇಳು," ಎಂದಳು.

ನಕ್ಷೆಗಾರ್ತಿ ಒಂದು ವರ್ಷ ಕೂತು ಹೊಸ ಬೀಗವೊಂದರ ನಕ್ಷೆ ಬರೆದಿದ್ದಳು. ಬುಧವಾರ ಬೆಳಗ್ಗೆ ಪತ್ರಿಕೆ ತೆರೆದರೆ ಅದೇ ಬೀಗ ಎದುರಾಳಿ ಕಾರ್ಖಾನೆಯ ಜಾಹೀರಾತಿನಲ್ಲಿ! ಇಂದು ಬೆಳಗ್ಗೆ ನಲವತ್ತು ಕೆಲಸಗಾರರ ಮುಂದೆ ಯಜಮಾನರು ಅವಳನ್ನು ಕಳ್ಳಿ ಎಂದರು. ಸಂಜೆ ಐದರೊಳಗೆ ತಪ್ಪೊಪ್ಪಿ ಸಹಿ ಹಾಕಿದರೆ ಕೆಲಸ ಮಾತ್ರ ಹೋಗುತ್ತದೆ. ಇಲ್ಲವಾದರೆ ಪೊಲೀಸ್ ದೂರು.

"ಇದೇ ಅವರ ಸಾಕ್ಷಿ," ಎಂದು ಒಂದು ಹಾಳೆಯ ನಕಲನ್ನು ಮುಂದಿಟ್ಟಳು. ಅವಳ ಪಾರಿವಾಳ ಖಾತೆಯಿಂದ ಎದುರಾಳಿಗೆ ಹೋದ ಪತ್ರ. ಮೇಲೆ 'ನಿಮ್ಮ ಪತ್ರ ರವಾನೆಯಾಗಿದೆ', ಪಕ್ಕದಲ್ಲಿ 'ನೂರು ಎಂಬಿಯಲ್ಲಿ ಮೂರು ಬಳಕೆ'. ಹಾಳೆಯ ಕೆಳಮೂಲೆಯಲ್ಲಿ ಕಂಪ್ಯೂಟರ್ ತಾನೇ ಒತ್ತಿದ ತಾರೀಖು: ಹದಿನಾಲ್ಕು, ಮಂಗಳವಾರ.

"ಸಿಕ್ಕಿದ್ದು ಯಾರಿಗೆ?"

"ಯಜಮಾನರ ತಮ್ಮನಿಗೆ. ಪ್ರಿಂಟರ್ ಹಿಂದೆ ಬಿದ್ದಿತ್ತಂತೆ. ಕಾರ್ಖಾನೆಯಲ್ಲಿ ಇಂಟರ್ನೆಟ್ ಇರೋದು ಆ ತಮ್ಮನೋರ ಕೋಣೇಲಿ ಮಾತ್ರ. ಮಂಗಳವಾರ ಊಟದ ಹೊತ್ತಲ್ಲಿ ಕೂತು ನನ್ನ ಮೇಲ್ ನೋಡಿದ್ದು ನಿಜ. ಆಮೇಲೆ ಆ ಕಡೆ ತಲೆ ಹಾಕಿಲ್ಲ."

"ಪಾಸ್‌ವರ್ಡ್ ನೆನಪಿಡು ಅನ್ನೋ ಚೌಕಕ್ಕೆ ಗುರುತು ಹಾಕಿದ್ಯಾ?"

ಅವಳು ನಾಲಿಗೆ ಕಚ್ಚಿಕೊಂಡಳು. "ಹೂಂ. ಹೊಸ ಸೌಕರ್ಯ ಅಂತ..."

"ಅವರು ಸೌಕರ್ಯ ಕೊಡ್ತಾರೆ, ನಾವು ಬಾಗಿಲು ತೆಗೆದಿಟ್ಟು ಬರ್ತೀವಿ. ಇನ್ನೇನಾದರೂ ಕಾಗದ ಕೊಟ್ಟಿದಾರಾ?"

"ಇದೊಂದು. ನಿನ್ನೆ ಸಂಜೆ ತಮ್ಮನೋರೇ ಟೈಪ್ ಮಾಡಿ ಕೈಗೆ ಕೊಟ್ಟರು." ಕಾರ್ಖಾನೆಯ ಹೆಸರಿದ್ದ ಹಾಳೆ. 'ನಾಳೆ ಶುಕ್ರವಾರ ಹತ್ತು ಗಂಟೆಗೆ ಯಜಮಾನರನ್ನು ಕಾಣತಕ್ಕದ್ದು.' ಮೇಲೆ ಕಂಪ್ಯೂಟರ್ ತಾನೇ ಹಾಕಿದ ತಾರೀಖು, ಹದಿನಾಲ್ಕು.

ಮೌಸಪ್ಪ ಬಗ್ಗಿ ಎರಡನ್ನೂ ನೋಡಿದ. ತಲೆಬುಡ ಗೊತ್ತಾಗಲಿಲ್ಲ. "ಕಾರ್ಖಾನೆ ಮೇಸ್ತ್ರಿ ಮೇಲೆ ನಂಗನುಮಾನ ದೊಡ್ಡಮ್ಮ," ಎಂದು ಪಿಸುಗುಟ್ಟಿದ. "ನಕ್ಷೆ ವಿಷಯಕ್ಕೆ ಇವರ ಜೊತೆ ಕಾಲು ಕೆರೆದು ಜಗಳ ಆಡ್ತಿದ್ನಂತೆ."

"ಜಗಳ ಆಡೋನು ಎದುರಿಗೇ ಆಡ್ತಾನೆ. ನೀನು ಆ ಪಾರಿವಾಳದವರ ಪ್ರಕಟಣೆ ಒಂದು ಪ್ರಿಂಟ್ ತೆಗಿ. ಚಪ್ಪಲಿ ಮೆಟ್ಕೊ."

ಐದಕ್ಕೆ ಹತ್ತು ನಿಮಿಷವಿರುವಾಗ ಯಜಮಾನರ ಕೋಣೆಯಲ್ಲಿ ಎಲ್ಲರೂ ಸೇರಿದರು. ಮೇಜಿನ ಹಿಂದೆ ಯಜಮಾನರು, ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿಯ ತಮ್ಮ, ಗೋಡೆಗೊರಗಿ ಮೇಸ್ತ್ರಿ. ಬರೆದಿಟ್ಟ ತಪ್ಪೊಪ್ಪಿಗೆಯ ಮೇಲೆ ಪೆನ್ನು ಕಾಯುತ್ತಿತ್ತು.

"ನೀವ್ಯಾರು?" ಎಂದರು ಯಜಮಾನರು.

"ಕಾಗದ ನೋಡೋಳು," ಎಂದು ದೊಡ್ಡಮ್ಮ ಯಾರೂ ಹೇಳದೆಯೇ ಕುರ್ಚಿ ಎಳೆದುಕೊಂಡಳು. ತಮ್ಮನ ಕಡೆ ತಿರುಗಿ, "ನಿಮ್ಮ ಕಂಪ್ಯೂಟರ್ ಬೇರೆಯೋರು ಮುಟ್ತಾರಾಪ್ಪ? ಮೇಸ್ತ್ರಿ ಏನಾದ್ರೂ?"

"ಸಾಧ್ಯವೇ ಇಲ್ಲ. ಕೋಣೆ ಕೀಲಿ ನನ್ನ ಜೇಬು ಬಿಟ್ಟು ಹೋಗಲ್ಲ. ಈಕೆ ಒಬ್ಬಳು ಮಂಗಳವಾರ ಕೂತಿದ್ದಳು, ಅಷ್ಟೇ."

"ನಿನ್ನೆ ಗುರುವಾರ?"

"ಬೆಳಗಿನಿಂದ ಸಂಜೇವರೆಗೂ ನಾನೇ ಕುರ್ಚಿ ಬಿಟ್ಟು ಎದ್ದಿಲ್ಲ."

"ಒಳ್ಳೇದಾಯ್ತು," ಎಂದು ದೊಡ್ಡಮ್ಮ ಮೂರು ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು.

"ಯಜಮಾನರೇ, ನಿಮ್ಮ ಸಾಕ್ಷಿ ಓದಿ. ಮಂಗಳವಾರ, ನೂರು ಎಂಬಿ ಅಂತಿದೆ. ಈಗ ಪಾರಿವಾಳದವರ ಪ್ರಕಟಣೆ ಓದಿ. ನಾಲ್ಕಿದ್ದದ್ದು ನೂರಾಗಿದ್ದು ಗುರುವಾರ ಮಧ್ಯಾಹ್ನ. ಮಂಗಳವಾರ ಲೋಕದಲ್ಲಿ ಒಬ್ಬರಿಗೂ ಇಲ್ಲದ ಜಾಗ ಈ ಹುಡುಗಿಗೆ ಎಲ್ಲಿಂದ ಬಂತು? ಅಂದಮೇಲೆ ಈ ಹಾಳೆ ಹುಟ್ಟಿದ್ದೇ ನಿನ್ನೆ, ಮಧ್ಯಾಹ್ನ ಕಳೆದ ಮೇಲೆ."

ಮೇಸ್ತ್ರಿ ಗೋಡೆ ಬಿಟ್ಟು ಮುಂದೆ ಬಂದ.

"ಜಾಹೀರಾತು ಬಂದದ್ದು ಬುಧವಾರ. ನಕ್ಷೆ ಕದ್ದದ್ದು ಅದಕ್ಕೂ ಮುಂಚೆ, ಇವಳು ಅಲ್ಲಿ ಕೂತ ಮಂಗಳವಾರವೇ ಅನ್ನಿಸಬೇಕಲ್ಲ? ಅದಕ್ಕೇ ಕಂಪ್ಯೂಟರಿನ ತಾರೀಖು ಹಿಂದಕ್ಕೆ ತಿರುಗಿಸಿ, ಇವಳ ತೆರೆದ ಖಾತೆಯಿಂದ ಪತ್ರ ಕಳಿಸಿ, ಹಾಳೆ ತೆಗೆದಿದ್ದಾರೆ. ಆದರೆ ತಿರುಗಿಸಿದೋರು ಅದನ್ನ ಸರಿ ಮಾಡೋದು ಮರೆತರು. ಅದೇ ಸಂಜೆ ಅದೇ ಯಂತ್ರದಲ್ಲಿ ಈ ಚೀಟಿ ಟೈಪ್ ಮಾಡಿದ್ದಾರೆ. ನಾಳೆ ಶುಕ್ರವಾರ ಬಾ ಅಂತ ಬರೆದ ಚೀಟಿಗೆ ತಾರೀಖು ಮಂಗಳವಾರದ್ದು! ಕೀಲಿ ಯಾರ ಜೇಬಲ್ಲಿತ್ತು, ಕುರ್ಚಿ ಬಿಟ್ಟು ಯಾರು ಏಳಲಿಲ್ಲ, ಅವರ ಬಾಯಲ್ಲೇ ಕೇಳಿದ್ರಿ."

ತಮ್ಮನ ಮುಖ ಬಿಳಿಚಿತು. ಅಣ್ಣನ ಕಣ್ಣು ತಪ್ಪಿಸಿ, "ಆ ಎದುರಾಳಿ ಕಾರ್ಖಾನೆಯೋರು ಪಾಲುದಾರಿಕೆ ಕೊಡ್ತೀವಿ ಅಂದ್ರು. ನೀನಿರೋವರೆಗೂ ನಾನು ಇಲ್ಲಿ ತಮ್ಮನೇ ತಾನೇ," ಎಂದ.

ಯಜಮಾನರು ತಪ್ಪೊಪ್ಪಿಗೆಯನ್ನು ಹರಿದು ಬುಟ್ಟಿಗೆ ಹಾಕಿ ನಕ್ಷೆಗಾರ್ತಿಗೆ ಕೈ ಮುಗಿದರು. "ತಪ್ಪಾಯ್ತಮ್ಮ. ಸೋಮವಾರದಿಂದ ಕೆಲಸಕ್ಕೆ ಬಾ, ಸಂಬಳ ಹೆಚ್ಚಿಗೆ ಮಾಡ್ತೀನಿ. ಆದರೆ ಇದು ಈ ನಾಲ್ಕು ಗೋಡೆ ದಾಟೋದು ಬೇಡ. ಮನೆ ಮರ್ಯಾದೆ ಪ್ರಶ್ನೆ."

ಒಪ್ಪಿಕೊಂಡುಬಿಡಲಿ ಎಂದು ಮೌಸಪ್ಪನ ಮನಸ್ಸು ಹಾರೈಸಿತು. ಕೆಲಸ ಉಳಿಯಿತಲ್ಲ, ಇನ್ನೇನು ಬೇಕು? ದೊಡ್ಡಮ್ಮ ಮಾತ್ರ ನಕ್ಷೆಗಾರ್ತಿಯನ್ನೇ ನೋಡುತ್ತಿದ್ದಳು.

"ನಂಗೂ ಮನೆ ಇದೆ ಸಾರ್," ಎಂದಳು ನಕ್ಷೆಗಾರ್ತಿ.

ಅವಳು ಬಾಗಿಲು ತೆರೆದು ನೇರ ಕೆಲಸದ ಅಂಗಳಕ್ಕೆ ನಡೆದಳು. ಬೆಳಗ್ಗೆ ನಿಂತು ಬೈಸಿಕೊಂಡ ಜಾಗದಲ್ಲೇ ಹೋಗಿ ನಿಂತಳು. ಮೇಸ್ತ್ರಿ, ಯಾರ ಅಪ್ಪಣೆಗೂ ಕಾಯದೆ, ಯಂತ್ರಗಳನ್ನು ಒಂದೊಂದಾಗಿ ನಿಲ್ಲಿಸಿದ. ನಲವತ್ತು ಜನ ಕೈ ಒರೆಸಿಕೊಳ್ಳುತ್ತ ತಿರುಗಿ ನೋಡಿದರು. ಯಜಮಾನರು ಬೇರೆ ದಾರಿಯಿಲ್ಲದೆ ಹಿಂದೆಯೇ ಬಂದರು.

"ಈಕೆ ಕದ್ದಿಲ್ಲ," ಎಂದರು ನೆಲ ನೋಡುತ್ತ. "ಕದ್ದದ್ದು ನನ್ನ ತಮ್ಮ."

ನಕ್ಷೆಗಾರ್ತಿ ಕೈಕಟ್ಟಿ ನಿಂತಲ್ಲಿಂದ ಕದಲಲಿಲ್ಲ.

"ಹಿಂದಿನ ಸಾಲಿನೋರಿಗೆ ಕೇಳಿಸಲಿಲ್ಲ ಸಾರ್," ಎಂದಳು. "ಇನ್ನೊಂದು ಸಲ ಹೇಳಿ. ಬೆಳಗ್ಗೆ ಹೇಳಿದಷ್ಟೇ ಜೋರಾಗಿ."