ಮೂರು ರಾಜರನ್ನು ಬಿಟ್ಟವನು

"ಆಮೆ ಅಂದ್ರೆ ನೀವೇನಾ?"

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದವನು ತಲೆಯೆತ್ತಿದ. ಬಾಗಿಲಲ್ಲಿ ಲ್ಯಾಬಿನ ಬಿಳಿ ಕೋಟು ಕೂಡ ಬಿಚ್ಚದೆ ಓಡಿಬಂದ ಹುಡುಗಿ. ಮುಖ ಕೆಂಡ!

ಒಂದು ವರ್ಷದಿಂದ ಪ್ರತಿ ಭಾನುವಾರ ಫೋನಿನ ಪೋಕರ್ ಟೇಬಲ್‌ನಲ್ಲಿ ಜೊತೆಗೆ ಆಡಿದವರು, ಅಂಗಡಿಯ ಗುರುತು ಅವನೇ ಹಿಂದೊಮ್ಮೆ ಹೇಳಿದ್ದರೂ ಮುಖ ನೋಡಿದ್ದು ಇವತ್ತೇ. ಆಟದಲ್ಲಿ ಅವನು ಆಮೆ, ಯೋಚಿಸಿ ಯೋಚಿಸಿ ಆಡ್ತಾನೆ ಅಂತ. ಇವಳು ಸೂಜಿ. ದಿನವಿಡೀ ಜನರ ರಕ್ತ ತೆಗೆಯೋದೇ ಕೆಲಸ ತಾನೇ!

"ಸೂಜಿ...?" ಅವನ ಮುಖ ಅರಳಿತು.

"ಹಲ್ಲು ಕಿರಿಬೇಡಿ! ಕೈಯಲ್ಲಿ ಮೂರು ರಾಜ ಇಟ್ಕೊಂಡು ಯಾಕೆ ಆಟ ಬಿಟ್ರಿ?"

ಅವನ ಕೈಯ ಗಾಜು ಮೇಜಿಗೆ ತಾಗಿ ಟಣ್ ಎಂದಿತು.

ಆಗಿದ್ದು ಇಷ್ಟು. ದೊಡ್ಡ ಪಂದ್ಯದ ಫೈನಲ್‌ಗೆ ಎರಡೇ ಸೀಟು. ಉಳಿದವರು ಮೂವರು: ಸೂಜಿ, ಆಮೆ, ಮತ್ತೆ ಸೂಜಿಯ ಸ್ವಂತ ಅಕ್ಕ. ಬರೀ ಎಂಟರ ಜೋಡಿ ನಂಬಿ ಸೂಜಿ ಇದ್ದಬದ್ದದ್ದನ್ನೆಲ್ಲ ಪಣಕ್ಕಿಟ್ಟಳು. ಆಮೆ ಎದುರು ನಿಂತಿದ್ದರೆ ಅಲ್ಲಿಗೇ ಅವಳ ಕಥೆ ಮುಗೀತಿತ್ತು. ಅವನು ಬಿಟ್ಟ, ಅವಳು ಉಳಿದಳು. ಆಮೇಲೆ ಸೋತು ಹೊರಬಿದ್ದದ್ದು ಅಕ್ಕ.

ಅಕ್ಕ ಸುಮ್ಮನಿರುವವಳಾ? ಆಟ ನಡೆಸುವ ಕಂಪನಿಗೆ ದೂರು ಕೊಟ್ಟಳು. ಕಂಪನಿಯವರು ಎಲ್ಲರ ಎಲೆ ತೆರೆದು ನೋಡಿ, ಸೂಜಿ, ಆಮೆ ಇಬ್ಬರೂ ಒಳಗೊಳಗೇ ಒಪ್ಪಂದ ಮಾಡ್ಕೊಂಡಿದ್ದಾರೆ ಅಂತ ಇಬ್ಬರನ್ನೂ ಹೊರಹಾಕಿದರು.

"ಅಮ್ಮ ಇಲ್ಲದ ನನ್ನ ತಲೆ ಬಾಚಿ ಬೆಳೆಸಿದವಳು ರೀ ಅಕ್ಕ! ಈ ಆಟ ಕಲಿಸಿದವಳೂ ಅವಳೇ. ಈಗ ನನ್ನ ಮುಖ ನೋಡಲ್ಲ. ಕಳ್ಳಿ ಅಂತಾಳೆ..." ಅವಳು ಕೋಟಿನ ತೋಳಿನಿಂದ ಮೂಗೊರೆಸಿಕೊಂಡಳು. "ನನಗೇನೂ ಗೊತ್ತಿರಲಿಲ್ಲ ಅಂದ್ರೆ ಯಾರು ನಂಬ್ತಾರೆ?"

"ನೀವು ಹೊರಗೆ ಹೋಗೋದು ನೋಡೋಕಾಗಲಿಲ್ಲ," ಎಂದ ಮೆಲ್ಲಗೆ. "ನಮ್ಮವರ ಎದುರು ಹೇಗೆ ಆಡೋದು?"

ನಮ್ಮವರು! ಬೇರೆ ಯಾವತ್ತಾದರೂ ಆ ಮಾತು ಕೇಳಿದ್ದರೆ ಅವಳು ಕುಣಿದಾಡುತ್ತಿದ್ದಳು. ಭಾನುವಾರ ಯಾವಾಗ ಬರುತ್ತೋ ಅಂತ ವಾರವಿಡೀ ಕಾದವಳಲ್ಲವೇ! ಈಗ ಮಾತ್ರ ಅವಳಿಗೆ ಬೇರೆಯೇ ಅನುಮಾನ ಹುಟ್ಟಿತು.

"ಅದೊಂದೇ ಸಲನಾ?"

ಆಮೆ ಗಾಜು ಎತ್ತಿಕೊಂಡು ಮತ್ತೆ ಉಜ್ಜತೊಡಗಿದ.

"ಹೇಳ್ರೀ! ಅದೊಂದೇ ಸಲನಾ...?"

"ಇಲ್ಲ. ನೀವು ಜೋರಾಗಿ ಪಣ ಕಟ್ಟಿದಾಗೆಲ್ಲ... ಬಿಡ್ತಿದ್ದೆ. ಮೊದಲಿಂದಾನೂ."

ದೇವರೇ! ಅವನನ್ನು ಸೋಲಿಸಿದಾಗೆಲ್ಲ ಲ್ಯಾಬಿನಲ್ಲಿ ಎದೆಯುಬ್ಬಿಸಿ ಓಡಾಡಿದ್ದಳು. ನನ್ನಲ್ಲೂ ಏನೋ ಇದೆ ಅಂತ ಜೀವನದಲ್ಲಿ ಮೊದಲ ಸಲ ಅನಿಸಿತ್ತು. ಅದೆಲ್ಲ ಇವನು ಹಾಕಿದ ಭಿಕ್ಷೆಯಾ?

"ಅಂಗಡಿ ಮುಚ್ಚಿ," ಎಂದಳು. "ಬಂದು ಇದನ್ನೇ ಅಕ್ಕನ ಮುಂದೆ ಹೇಳಿ."

"ಹೇಳಿದ್ರೆ ನೀವು ಗೆದ್ದಿದ್ದೆಲ್ಲ ಸುಳ್ಳು ಅಂತಾಗುತ್ತೆ..."

"ಆಗಲಿ! ಕಳ್ಳಿ ಅನ್ನಿಸಿಕೊಳ್ಳೋದಕ್ಕಿಂತ ದಡ್ಡಿ ಅನ್ನಿಸಿಕೊಳ್ಳೋದೇ ವಾಸಿ."

ಮನೆಯಲ್ಲಿ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಆಮೆ ನಿಂತುಕೊಂಡೇ ಎಲ್ಲ ಹೇಳಿದ, ಒಂದಕ್ಷರ ಮುಚ್ಚಿಡದೆ. ತಂಗಿಗೆ ಏನೂ ಗೊತ್ತಿರಲಿಲ್ಲ ಅಂತ ಎರಡೆರಡು ಸಲ ಹೇಳಿದ.

ಅಕ್ಕ ದಾರವನ್ನು ಹಲ್ಲಿನಿಂದ ಕಡಿದಳು. "ಪ್ರೀತಿನಾ?"

"ಹೌದು."

"ಥೂ! ನೀವು ಬಿಟ್ಟುಕೊಟ್ಟಿದ್ದು ನಿಮ್ಮದಲ್ಲ ರೀ, ನಂದು! ಹುಡುಗೀನ ಒಲಿಸಿಕೊಳ್ಳೋಕೆ ಕಂಡೋರ ಸೀಟೇ ಬೇಕಿತ್ತಾ?"

ಅವನು ತಲೆತಗ್ಗಿಸಿದ. ಮಾತು ನಿಜವೇ ಆಗಿತ್ತು. ತನಗೆ ಪ್ರೀತಿ ಅನಿಸಿದ್ದು ಎದುರು ಕೂತವರಿಗೆ ಮೋಸ ಅಂತ ಈ ಮಹಾನುಭಾವನಿಗೆ ಹೊಳೆದದ್ದೇ ಈಗ.

ಅಕ್ಕ ತಂಗಿಯ ಕಡೆ ತಿರುಗಿದಳು. ಎಷ್ಟೋ ದಿನಗಳ ನಂತರದ ಮೊದಲ ಮಾತು. "ಊಟ ಮುಚ್ಚಿಟ್ಟಿದೀನಿ. ಕ್ಷಮಿಸಿದೆ ಅಂದ್ಕೋಬೇಡ. ದೂರು ವಾಪಸ್ ತಗೊಳ್ಳಲ್ಲ."

"ಬೇಡಕ್ಕಾ," ಎಂದಳು ಸೂಜಿ. ಕಣ್ಣೀರು ಕೆನ್ನೆಗಿಳಿಯಿತು.

ಅವನು ಮೆಟ್ಟಿಲಿಳಿಯುತ್ತಿದ್ದ. ಹೋಗಲಿ ಬಿಡು ಎಂದಿತು ಅವಳ ಬುದ್ಧಿ. ಕಾಲು ಕೇಳಬೇಕಲ್ಲ!

"ರೀ, ನಿಲ್ಲಿ!"

ನಿಂತ.

"ನನಗೆ ನಿಮ್ಮ ಮೇಲೆ ಕೆಟ್ಟ ಕೋಪ ಇದೆ. ಬೇಗ ಇಳಿಯಲ್ಲ. ಆದ್ರೂ..." ಗೋಡೆ ಹಿಡಿದಳು. "ಆದ್ರೂ ನೀವಿಲ್ಲದ ಭಾನುವಾರ ನನಗೆ ಬೇಡ."

"ನಿಮ್ಮ ಕೈಲಿ ಆಗಲ್ಲ ಅಂತ ಬಿಟ್ಟಿದ್ದಲ್ಲ, ಸೂಜಿ. ನಿಮ್ಮನ್ನ ಕಳ್ಕೊಳ್ತೀನಿ ಅಂತ ಭಯ. ಇನ್ನು ಯಾವುದರಲ್ಲೂ ಬಿಟ್ಟುಕೊಡಲ್ಲ. ಜಗಳದಲ್ಲೂ."

"ಸೋತ್ರೆ ಅಳ್ತೀನಿ."

"ಅಳಿ. ಆದ್ರೂ ಬಿಡಲ್ಲ."

"ಕಣ್ಣೊರೆಸೋಕೆ ಬರಬೇಡಿ," ಎಂದಳು, ಅಳುತ್ತಲೇ. "ಪಕ್ಕದಲ್ಲಿ ಕೂತ್ಕೊಳ್ಳಿ, ಸಾಕು."

ಅವನು ಮೆಟ್ಟಿಲ ಮೇಲೆ ಕೂತ.