ರೋಬೋಟಿನ ಕೈಗೆ ಬಿರುಕು ಬಳೆ

"ಮೇಡಂ, ನೀವು ಹೆಂಗಸ್ರ ಕೈಗೆ ಬಳೆ ತೊಡ್ಸೋದನ್ನ ಒಂದರ್ಧ ಗಂಟೆ ಕೂತ್ಕೊಂಡು ನೋಡ್ಬಹುದಾ?"

ಅಂಗಡಿಯಲ್ಲಿದ್ದ ಏಳು ಹೆಂಗಸರೂ ಒಟ್ಟಿಗೆ ತಿರುಗಿದರು. ಏಳು ಜೋಡಿ ಕಣ್ಣು! ಆ ನೋಟದ ಬಿಸಿಗೆ ಎದುರಿನ ಹೋಟೆಲಿನವನು ಗ್ಯಾಸ್ ಆರಿಸಿ, ತುಮಕೂರು ಮಂಡಿಪೇಟೆಯ ರಸ್ತೆ ಮೇಲೇ ದೋಸೆ ಹುಯ್ಯಬಹುದಿತ್ತು.

ಅಂಗಡಿ ಮಾಲೀಕರ ಮಗಳು ಮೆಹನಾಜ್ ಕೈಯಲ್ಲಿದ್ದ ಹಸಿರು ಬಳೆ ಗಿರಾಕಿಯ ಗೆಣ್ಣಿನ ಮೇಲೇ ನಿಂತಿತು.

"ಏನಂದ್ರಿ?"

"ಅಲ್ಲ... ಕೈನ ಎಲ್ಲಿ ಒತ್ತೀರಾ, ಎಷ್ಟು ಒತ್ತೀರಾ ಅಂತ..."

"ಒತ್ತಿ ತೋರಿಸ್ಲಾ? ಕೈ ಅಲ್ಲ, ಕತ್ತು!"

ಆ ಯುವಕನ ಮುಖ ಬಿಳುಚಿಕೊಂಡಿತು. ಹೆಸರು ತಾರಿಖ್. ಕುಣಿಗಲ್‌ನಲ್ಲಿ ಮೋಟಾರ್ ರಿಪೇರಿ ಅಂಗಡಿ. ವಯಸ್ಸು ಮೂವತ್ತು. ಎತ್ತರ ಎಷ್ಟೆಂದರೆ, ಅಂಗಡಿಯ ಬಾಗಿಲಲ್ಲಿ ಬಗ್ಗಿದವನು ಒಳಗೆ ಬಂದ ಮೇಲೂ ನೆಟ್ಟಗಾಗಲು ಎರಡು ನಿಮಿಷ ತೆಗೆದುಕೊಂಡಿದ್ದ.

"ಹೆಂಡ್ತಿಗೆ!" ಎಂದು ಬಾಯಿಗೆ ಬಂದದ್ದು ಹೇಳಿಬಿಟ್ಟ. "ನನ್ನ ಹೆಂಡ್ತಿಗೆ ಮೇಡಂ! ನಾನು ಹಾಕಕ್ಕೋದ್ರೆ ಒಡ್ದೋಗ್ತವೆ. ಅದ್ಕೇ ಕಲ್ತ್ಕೊಳ್ಳೋಣ ಅಂತ..."

ಏಳು ಹೆಂಗಸರೂ ಬೆಣ್ಣೆಯಂತೆ ಕರಗಿದರು.

"ಅಯ್ಯೋ, ಗಂಡ ಅಂದ್ರೆ ಇವ್ನಪ್ಪಾ! ನಮ್ಮನೇಲೂ ಒಂದೈತೆ, ಸೀರೆ ಬಣ್ಣ ಕೇಳಿದ್ರೆ ಟೀವಿ ನೋಡ್ತದೆ!"

ಮೆಹನಾಜ್ ಪೆಚ್ಚಾಗಿ ಸ್ಟೂಲ್ ತೋರಿಸಿದಳು. 'ಛೇ... ಒಳ್ಳೆಯವನನ್ನ ಬೈದುಬಿಟ್ಟೆನಲ್ಲ!'

ಓದುಗರೇ, ನಿಮ್ಮ ಹತ್ತಿರ ನಾನೇಕೆ ಮುಚ್ಚಿಡಲಿ? ಅವನಿಗೆ ಹೆಂಡತಿಯೇ ಇರಲಿಲ್ಲ. ಇದ್ದದ್ದು ಒಂದು ರೋಬೋಟ್!

ಪೈಪಿನ ಮೈ, ಪ್ರೆಶರ್ ಕುಕ್ಕರ್‌ನಂಥ ತಲೆ, ಐದಡಿ ಎತ್ತರ. ರಿಪೇರಿ ಕೆಲಸದ ನಡುವೆ ನಾಲ್ಕು ವರ್ಷ ಕೂತು ಹವ್ಯಾಸಕ್ಕೆಂದು ಕಟ್ಟಿದ್ದ. ಹೆಸರು ಚಾಂದ್. ಅದಕ್ಕೆ ಅಂಗಡಿಯಲ್ಲಿ ಸಿಗುವ ಕೈ ಹಾಕಿದರೆ ಇಕ್ಕಳದಂತೆ ಕಚ್ಚುತ್ತಿತ್ತು. ಆದ್ದರಿಂದ ತಾರಿಖ್ ಕೈಯನ್ನೂ ತಾನೇ ಮಾಡತೊಡಗಿದ. ಪ್ಲಾಸ್ಟಿಕ್ಕಿನ ಬೆರಳು, ನರದ ಬದಲು ಮೀನು ಗಾಳದ ದಾರ, ಎಳೆಯುವುದಕ್ಕೆ ಪುಟ್ಟ ಮೋಟಾರು, ಬೆರಳ ತುದಿಗೆ ಸೈಕಲ್ ಟ್ಯೂಬಿನ ಮೆತ್ತೆ.

ಗುಬ್ಬಿಯಲ್ಲಿ ಹವ್ಯಾಸಿಗಳ ರೋಬೋಟ್ ಪ್ರದರ್ಶನವಿತ್ತು. ಬಾಟಲಿ ಎತ್ತುವ ಕೈ ಎಲ್ಲರೂ ತರುತ್ತಾರೆ. ಗಾಜಿನ ಬಳೆಯನ್ನು ಒಡೆಯದೆ ಮನುಷ್ಯರ ಕೈಗೆ ತೊಡಿಸುವ ಕೈ ತನ್ನದಾಗಬೇಕು... ಇದು ತಾರಿಖ್‌ನ ಹಟ.

ಆದರೆ ಅದನ್ನು ಹೇಳಿಕೊಳ್ಳಲು ನಾಚಿಕೆ! ಹೆಣ್ಣು ಕೊಡಲು ಬಂದ ಮೂರು ಮನೆಯವರು ಚಾಂದ್‌ನನ್ನು ನೋಡಿ, ಚಹಾ ಲೋಟ ಅರ್ಧಕ್ಕೇ ಇಟ್ಟು ಎದ್ದಿದ್ದರು. "ಈ ವಯಸ್ಸಲ್ಲಿ ಗೊಂಬೆ ಆಡ್ತಾನಾ?" ಎಂಬ ಮಾತು ಅವನಿಗಿಂತ ಮೊದಲು ಹುಲಿಯೂರುದುರ್ಗದವರೆಗೂ ಬಸ್ ಹತ್ತಿ ಹೋಗುತ್ತಿತ್ತು.

ಪ್ರತಿ ಬುಧವಾರ ತಾರಿಖ್ ಬಂದ. ನೋಡಿದ. ಒಂದು ಡಜನ್ ಬಳೆ ಕೊಂಡ (ರೋಬೋಟಿನ ಕೈ ಇನ್ನೂ ಮುಗಿದಿರಲಿಲ್ಲ, ಅವೆಲ್ಲ ಬೀದಿಯ ಮಕ್ಕಳ ಪಾಲಾದವು). ಹೋದ.

"ಹೆಬ್ಬೆರಳ ಬುಡನ ಒಳಕ್ಕೆ ಮಡಚ್ಬೇಕು, ನೋಡಿ," ಎಂದು ಮೆಹನಾಜ್ ಕಲಿಸಿದಳು. "ಬಳೆನ ತಳ್ಬಾರ್ದು. ಕೈನೇ ಬಳೆಯೊಳಕ್ಕೆ ಕರೀಬೇಕು."

"ಕರೀಬೇಕು..." ಎಂದು ಅವನು ಪುಸ್ತಕದಲ್ಲಿ ಬರೆದುಕೊಂಡ. ಆಮೇಲೆ ತಲೆ ಎತ್ತಿ, "ನಿಮ್ಮ ಬೆರಳಿಗೆ ಎಷ್ಟು ತಾಳ್ಮೆ ಇದೆ ಅಲ್ವಾ?" ಎಂದ.

ಅಷ್ಟೇ! ಆ ಒಂದು ಮಾತು ಮುಂದಿನ ಬುಧವಾರದವರೆಗೆ ಮೆಹನಾಜ್ ಎದೆಯಲ್ಲಿ ಓಡಾಡಿತು. ಬುಧವಾರ ಬೆಳಗ್ಗೆ ಅವಳು ದುಪಟ್ಟಾ ಮೂರು ಸಲ ಬದಲಾಯಿಸಿದಳು. ಮೂರನೆಯ ಸಲ ಕನ್ನಡಿಯಲ್ಲಿ ತನ್ನ ಮುಖ ಕಂಡು ಬೆಚ್ಚಿದಳು.

'ಥೂ... ಮದುವೆಯಾದ ಗಂಡಸು! ಆ ಹೆಣ್ಣುಮಗಳು ಮನೆಯಲ್ಲಿ ಕಾಯುತ್ತಿರುತ್ತಾಳೆ. ನಾನು ಇಲ್ಲಿ ದುಪಟ್ಟಾ ಆರಿಸುತ್ತಿದ್ದೇನೆ!'

ಅವತ್ತೇ ಅವನು ಬಂದು ನಗುತ್ತಾ ಕೂತ.

"ಹೆಂಗಿದಾರೆ ನಿಮ್ಮನೆಯವ್ರು?" ಎಂದು ಬೇಕೆಂದೇ ಕೇಳಿದಳು.

"ಆ ಕೈ ನೋಡ್ತಾ ಕೂತ್ರೆ ನಂಗೆ ಊಟನೂ ನೆನಪಾಗಲ್ಲ ಕಣ್ರೀ," ಎಂದ ತಾರಿಖ್, ಹಿಂದಿನ ದಿನವಷ್ಟೇ ಮುಗಿಸಿದ ಚಾಂದ್‌ನ ಕೈ ನೆನೆದು ಕಣ್ಣು ಮಿನುಗಿಸುತ್ತಾ.

ಮೆಹನಾಜ್ ದುಪಟ್ಟಾ ಸರಕ್ಕನೆ ಹೆಗಲಿಗೆಳೆದು ಗಲ್ಲಾದತ್ತ ತಿರುಗಿದಳು.

ಇಲ್ಲಿ ಬಳೆ ಅಂಗಡಿಯವರ ಒಂದು ಪದ್ಧತಿ ಹೇಳಬೇಕು. ಗಿರಾಕಿಗೆ ಕೊಡುವ ಮುಂಚೆ ಡಜನ್ ಬಳೆಯನ್ನು ಬೆರಳಿಗೆ ಪೋಣಿಸಿ, ಕಿವಿಯ ಹತ್ತಿರ ಕುಲುಕುತ್ತಾರೆ. ಗಟ್ಟಿ ಬಳೆ 'ಘಲ್' ಎನ್ನುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ 'ಟಪ್' ಎಂದು ಮಂಕಾಗಿ ನುಡಿಯುತ್ತದೆ. ಮೆಹನಾಜ್‌ಳ ಅಪ್ಪ ಮುಖ್ತಾರ್ ಅಹಮದ್ ಸಾಹೇಬರ ಕಿವಿ ಹೇಗಿತ್ತೆಂದರೆ, ಬೆಳ್ಳಾವಿಯಲ್ಲಿ ಯಾರೋ ಬಿರುಕು ಬಳೆ ತೊಟ್ಟು ರೊಟ್ಟಿ ತಟ್ಟಿದರೆ ಇವರು ಮಂಡಿಪೇಟೆಯಲ್ಲಿ ಹುಬ್ಬು ಗಂಟಿಕ್ಕುತ್ತಿದ್ದರು! ಮಂಕು ಬಳೆಗಳೆಲ್ಲ ಗಲ್ಲಾದ ಕೆಳಗಿನ ಡಬ್ಬಕ್ಕೆ. ನಲವತ್ತು ವರ್ಷದಲ್ಲಿ ಆ ಡಬ್ಬದಿಂದ ಒಂದು ಬಳೆಯೂ ಗಿರಾಕಿಯ ಕೈ ಸೇರಿರಲಿಲ್ಲ.

ಅವತ್ತು ಸೇರಿತು.

ಮೆಹನಾಜ್ ಡಬ್ಬಕ್ಕೆ ಕೈ ಹಾಕಿದಳು. ಹನ್ನೆರಡು ಎಣಿಸಿದಳು. ಕುಲುಕಲಿಲ್ಲ. 'ಒಡೆಯಲಿ! ಅವಳ ಕೈಯಲ್ಲಿ ಒಂದೊಂದಾಗಿ ಒಡೆಯಲಿ!'

ಅವನು ಥ್ಯಾಂಕ್ಸ್ ಹೇಳಿ ಹೋದ. ಮುಂದಿನ ವಾರ ಬಂದಾಗ ಮುಖ ಬಾಡಿತ್ತು.

"ಎಲ್ಲಾ ಒಡ್ದೋದವು ಮೆಹನಾಜ್ ಅವ್ರೇ. ನನ್ನದೇ ತಪ್ಪು. ಇನ್ನೊಂದು ಡಜನ್ ಕೊಡಿ."

ನನ್ನದೇ ತಪ್ಪು ಎಂದ ಆ ಮಾತು ಅವಳಿಗೆ ಚುಚ್ಚಿತು. ಆದರೂ ಕೈ ಮತ್ತೆ ಡಬ್ಬಕ್ಕೇ ಹೋಯಿತು. ಮೂರನೆಯ ವಾರವೂ ಅಷ್ಟೇ.

ನಾಲ್ಕನೆಯ ಬುಧವಾರ ತಾರಿಖ್ ಬರಲಿಲ್ಲ. ಐದನೆಯದಕ್ಕೂ ಇಲ್ಲ.

ಆರನೆಯದಕ್ಕೆ ಬಂದವರು ಅವನ ತಾಯಿ ಜಮಾಲುನ್ನೀಸಾ. ಬಸ್ಸಿನಿಂದ ಇಳಿದು ಏದುಸಿರು ಬಿಡುತ್ತಾ, ಬಗಲಲ್ಲಿದ್ದ ರಟ್ಟಿನ ಡಬ್ಬಿಯನ್ನು ಮುಖ್ತಾರ್ ಸಾಹೇಬರು ಕೂತಿದ್ದ ಗಲ್ಲಾದ ಮೇಲಿಟ್ಟರು.

"ಇದೇ ಥರದ್ದು ಇನ್ನೊಂದು ಡಜನ್ ಕೊಡಿ ಭಾಯ್. ನನ್ ಮಗ ಊಟ ಬಿಟ್ಟು ಕೂತವ್ನೆ. ಬಳೆ ನೋಡಿದ್ರಾದ್ರೂ ಎದ್ದೇಳ್ತಾನೇನೋ..."

"ಅವ್ರ ಹೆಂಡ್ತಿಗೆ ತಾನೇ ಖಾಲಾ?" ಮೆಹನಾಜ್ ಮೆಲ್ಲಗೆ ಕೇಳಿದಳು.

"ಹೆಂಡ್ತಿನಾ? ಯಾವ ಹೆಂಡ್ತಿನಮ್ಮಾ? ಹುಡುಗಿ ಸಿಕ್ಕಿದ್ರೆ ನಾನು ಅಮೃತೂರಿನ ತನಕ ಮಿಠಾಯಿ ಹಂಚ್ತಿದ್ದೆ! ರೋಬೋಟ್ ಕಟ್ಟವ್ನೆ. ಅದ್ರ ಕೈ ಬಳೆ ತೊಡ್ಸಬೇಕಂತೆ. ತೊಡ್ಸಿದ್ದೆಲ್ಲ ಒಡ್ದೋಯ್ತು. ಹನ್ನೊಂದು ಸಲ ಬೆರಳು ಬದಲಾಯಿಸ್ದ. ಕೊನೆಗೆ ನನ್ನ ಕೈಯಲ್ಲೇ ಆಗಲ್ಲ ಅಮ್ಮೀ ಅಂತ ಗರಗಸ ತಗೊಂಡು ಆ ಬೆರಳೆಲ್ಲಾ ಕೊಯ್ದಾಕ್ದ. ಬರೋ ಭಾನುವಾರ ಗುಬ್ಬಿಯಲ್ಲಿ ಶೋ ಐತೆ... ಬರಲ್ಲ ಅಂತ ಫೋನ್ ಮಾಡ್ಬುಟ್ಟ."

ಮೆಹನಾಜ್ ಕಾಲ ಕೆಳಗಿನ ನೆಲ ಗುಬ್ಬಿಯ ಕಡೆಗೆ ಜರುಗಿದಂತಾಯಿತು.

ಅಷ್ಟರಲ್ಲಿ ಮುಖ್ತಾರ್ ಸಾಹೇಬರು ಡಬ್ಬಿಯಲ್ಲಿ ಉಳಿದಿದ್ದ ಐದು ಬಳೆಯನ್ನು ಬೆರಳಿಗೆ ಪೋಣಿಸಿ, ರೂಢಿಯಂತೆ ಕಿವಿಯ ಹತ್ತಿರ ಕುಲುಕಿದರು.

ಟಪ್.

"ಇದು ನಮ್ಮಂಗಡಿ ಮಾಲಲ್ಲ," ಎಂದರು ನಗುತ್ತಾ. ಆಮೇಲೆ ಡಬ್ಬಿಯ ಮೇಲಿನ ತಮ್ಮದೇ ಅಂಗಡಿಯ ಹೆಸರು ಓದಿದರು. ನಗು ನಿಂತಿತು.

"ಯಾರ್ ಕೊಟ್ಟಿದ್ದು?"

"ನಾನೇ ಅಬ್ಬಾ."

"ಗೊತ್ತಾಗ್ದೆ ಕೊಟ್ಟೆ, ಅಲ್ವಾ ಬೇಟಿ?"

ಹೂಂ ಎಂದರೆ ಮುಗಿದುಹೋಗುತ್ತಿತ್ತು! ಅಪ್ಪನ ಕಣ್ಣು ಆ ಹೂಂ ಅನ್ನೇ ಬೇಡುತ್ತಿತ್ತು.

"ಗೊತ್ತಿದ್ದೇ ಕೊಟ್ಟೆ ಅಬ್ಬಾ. ಮೂರು ಸಲ."

ಸಾಹೇಬರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರು ಬಳೆಗಳನ್ನು ನಿಧಾನವಾಗಿ ಕೆಳಗಿಟ್ಟು, ನಡುಮಧ್ಯಾಹ್ನ ಅಂಗಡಿಯ ಶಟರ್ ಎಳೆದರು.

"ನಡಿ ಕುಣಿಗಲ್‌ಗೆ. ನಾನು ಜೊತೆಗೆ ಬರ್ತೀನಿ. ಮಾತು ಮಾತ್ರ ನಿಂದು."

ಬಸ್ಸಿನಲ್ಲಿ ಜಮಾಲುನ್ನೀಸಾ ಅವಳ ಪಕ್ಕದಲ್ಲೇ ಕೂತರು. ಹೆಬ್ಬೂರು ದಾಟಿದ ಮೇಲೆ ಒಂದು ಕಿತ್ತಳೆ ಸುಲಿದು ಅರ್ಧ ಕೊಟ್ಟರು. ಆ ಅರ್ಧ ಕಿತ್ತಳೆ ಮೆಹನಾಜ್ ಅಂಗೈಯಲ್ಲಿ ಕಲ್ಲುಗುಂಡಿನಷ್ಟು ಭಾರವಾಯಿತು.

ಮೋಟಾರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಚಾಂದ್ ನಿಂತಿದ್ದ. ಬಲಗೈ ಮಣಿಕಟ್ಟಿನಿಂದ ಕೆಳಗೆ ಖಾಲಿ. ಕಾಲ ಬಳಿ ಒಂದು ಬಾಂಡ್ಲಿ ತುಂಬಾ ಬಳೆ ಚೂರು. ತಾರಿಖ್ ನೆಲದ ಮೇಲೆ ಕೂತಿದ್ದ. ಅವಳನ್ನು ಕಂಡು ಗಡಬಡಿಸಿ ಎದ್ದು, ರೋಬೋಟಿಗೆ ಬೆಡ್‌ಶೀಟ್ ಹೊದಿಸಲು ಹೋದ.

"ಮುಚ್ಚಬೇಡಿ," ಎಂದಳು. "ಮುಚ್ಕೊಳ್ಬೇಕಾದ್ದು ನನ್ನ ಮುಖ."

"ನೀವ್ಯಾಕೆ... ಸುಳ್ಳು ಹೇಳಿದ್ದು ನಾನು. ಹೆಂಡ್ತಿ ಅಂತ... ಗೊಂಬೆಗೆ ಅಂದ್ರೆ ನಗ್ತೀರಾ ಅಂತ ನಾಚ್ಕೆ ಆಯ್ತು."

"ನಿಮ್ಮ ಸುಳ್ಳಿಂದ ಏನೂ ಒಡೀಲಿಲ್ಲ. ಕೇಳಿ." ಅವಳು ಕಣ್ಣು ಬಾಂಡ್ಲಿಯಿಂದ ಎತ್ತಲಿಲ್ಲ. "ನಿಮ್ಮ ಕೈ ಸರಿಯಾಗೇ ಇತ್ತು. ಬಳೆಗೆ ಮೊದಲೇ ಬಿರುಕಿತ್ತು. ನಾನು ಬೇಕಂತಲೇ ಕೊಟ್ಟೆ."

ತಾರಿಖ್ ಕೈಯಲ್ಲಿದ್ದ ಬೆಡ್‌ಶೀಟನ್ನು ಪಕ್ಕಕ್ಕೆಸೆದ.

"ಬೇಕಂತ...? ಯಾಕೆ?"

"ನಿಮಗೆ ಹೆಂಡ್ತಿ ಇದಾರೆ ಅಂತ ಹೊಟ್ಟೆಕಿಚ್ಚು!" ಎಂದು ಒಂದೇ ಉಸಿರಿಗೆ ಹೇಳಿ, ದುಪಟ್ಟಾದಲ್ಲಿ ಮುಖ ಹುದುಗಿಸಿದಳು. "ಕಾಣದ ಹೆಣ್ಣುಮಗಳ ಕೈಗೆ ಬಿರುಕು ಬಳೆ ಕಳ್ಸಿದ ಪಾಪಿ ನಾನು. ಕ್ಷಮಿಸಿ ಅಂತ ಕೇಳೋಕೂ ಮುಖ ಇಲ್ಲ..."

ತಾರಿಖ್ ಸರ್ರನೆ ಹೊರಗೆ ಹೋದ.

ಹೋದವನು ಬರಲೇ ಇಲ್ಲ! ಒಂದು ನಿಮಿಷ... ಐದು ನಿಮಿಷ... ಮೆಹನಾಜ್‌ಗೆ ಐದು ವರ್ಷವೆನಿಸಿತು. 'ಮುಗಿಯಿತು. ಇನ್ನು ಈ ಮುಖ ಅವರು ನೋಡುವುದಿಲ್ಲ.' ಹೊರಡಲು ತಿರುಗಿದಳು.

ಬಾಗಿಲಲ್ಲಿ ಅವನು ಗುಜರಿ ಡಬ್ಬ ಹೊತ್ತು ನಿಂತಿದ್ದ. ಕೈಯೆಲ್ಲ ಗ್ರೀಸು.

"ಇದು ನಾನು ಮೊದ್ಲು ಮಾಡಿದ ಕೈ. ಕೊಯ್ಯೋಕೆ ಮನಸ್ಸು ಬರ್ದೆ ಎಸ್ದಿದ್ದೆ." ಅವನ ದನಿ ಗಡುಸಾಗಿತ್ತು. "ಐದು ವಾರ ನಾನು ಕೈಲಾಗದವನು ಅಂದ್ಕೊಂಡೆ ಮೆಹನಾಜ್ ಅವ್ರೇ. ಸಿಟ್ಟು ಬಂದಿದೆ. ಇಲ್ಲ ಅಂತ ಹೇಳಲ್ಲ."

"ಬರ್ಲಿ. ಬೈರಿ."

"ಬೈತೀನಿ. ಮೊದ್ಲು ಗಟ್ಟಿ ಬಳೆ ಇದ್ರೆ ಕೊಡಿ."

ಅವಳು ಬ್ಯಾಗಿನಿಂದ ಒಂದು ಡಜನ್ ತೆಗೆದಳು. ಬೆರಳಿಗೆ ಪೋಣಿಸಿ, ಕಿವಿಯ ಹತ್ತಿರ ಕುಲುಕಿ, ಘಲ್ ಎಂದದ್ದನ್ನು ಕೇಳಿಸಿಕೊಂಡು ಕೊಟ್ಟಳು. ತಾರಿಖ್ ಆ ಹಳೆಯ ಕೈಯನ್ನು ಚಾಂದ್‌ನ ಮಣಿಕಟ್ಟಿಗೆ ಜೋಡಿಸಿದ. ದಾರ ಎಳೆದ. ಚಾಂದ್‌ನ ಬೆರಳುಗಳು ಕೆಂಪು ಬಳೆಯನ್ನು ಹಿಡಿದು ಎತ್ತಿದವು.

ಒಡೆಯಲಿಲ್ಲ.

ಎರಡನೆಯದು. ಮೂರನೆಯದು. ಹನ್ನೆರಡೂ ಒಡೆಯಲಿಲ್ಲ! ಮುಖ್ತಾರ್ ಸಾಹೇಬರ ಜೊತೆ ಹೊರಗೆ ಬೆಂಚಿನ ಮೇಲೆ ಕೂತು ಒಳಗೆ ಇಣುಕುತ್ತಿದ್ದ ಜಮಾಲುನ್ನೀಸಾ ಕೂಗಿದ ಕೂಗಿಗೆ ಕುಣಿಗಲ್ ಕೆರೆಯ ಕೊಕ್ಕರೆಗಳೆಲ್ಲ ಎದ್ದು ತುಮಕೂರಿನಲ್ಲಿ ಇಳಿದವು.

ತಾರಿಖ್ ಮಾತ್ರ ಆ ಕೈಯನ್ನು ಸವರುತ್ತಾ, "ಮೊದಲ್ನೇ ಕೈನೇ ಸರಿಯಿತ್ತು..." ಎಂದು ಕಣ್ಣೊರೆಸಿಕೊಂಡ. ಅದನ್ನು ನೋಡಿ ಮೆಹನಾಜ್‌ಗೆ ಆದ ನಾಚಿಕೆಗೆ ಅಳತೆಯೇ ಇಲ್ಲ. ಬೈಗುಳ ಕೊನೆಗೂ ಬರಲಿಲ್ಲ.

ಭಾನುವಾರ ಗುಬ್ಬಿಯ ಕಲ್ಯಾಣ ಮಂಟಪದಲ್ಲಿ ಜನವೋ ಜನ. ಮತ್ತೆ ಫೋನ್ ಮಾಡಿ ಬರುತ್ತೇನೆಂದಿದ್ದ ತಾರಿಖ್‌ನನ್ನು ಮೈಕಿನವರು ಎಲ್ಲರೆದುರೇ ಕೆಣಕಿದರು.

"ಏನ್ ಸಾರ್, ಕೈ ಕೆಟ್ಟೋಗಿದೆ ಅಂದಿದ್ರಂತೆ?"

"ನನ್ನ ಲೆಕ್ಕಾಚಾರ ಸ್ವಲ್ಪ ತಪ್ಪಾಗಿತ್ತು..." ಎಂದು ತಾರಿಖ್ ತಲೆ ಕೆರೆದುಕೊಂಡ.

ಬಳೆ ತೊಡಿಸಿಕೊಳ್ಳಲು ಕುರ್ಚಿಯಲ್ಲಿ ಕೂತಿದ್ದ ಮೆಹನಾಜ್ ದಡಕ್ಕನೆ ಎದ್ದಳು. ಮೈಕ್ ಕಸಿದುಕೊಂಡಳು.

"ಅವ್ರದ್ದೇನೂ ತಪ್ಪಿಲ್ಲ! ಬಳೆ ಕೊಟ್ಟೋಳು ನಾನು. ಬಿರುಕಿರೋದು ಗೊತ್ತಿದ್ದೂ ಕೊಟ್ಟೆ. ಇವ್ರ ಕೈ ಯಾವತ್ತೂ ಕೆಟ್ಟಿರ್ಲಿಲ್ಲ."

ಮುಂದಿನ ಸಾಲಿನಲ್ಲಿದ್ದ ಮುಖ್ತಾರ್ ಸಾಹೇಬರು ಕಣ್ಣು ಮುಚ್ಚಿ ಒಪ್ಪಿಗೆಯಿಂದ ಮೆಲ್ಲಗೆ ತಲೆಯಾಡಿಸಿದರು. ಹಿಂದೆ ಗುಸುಗುಸು ಎದ್ದಿತು. ಮೆಹನಾಜ್ ಕಿವಿ ಕಾದ ಹೆಂಚಾಯಿತು. ಕುರ್ಚಿಯಲ್ಲಿ ಕುಸಿದು ಕೈ ಚಾಚಿದಳು. 'ಬೇಗ ಮುಗಿದರೆ ಸಾಕು. ಓಡಿಬಿಡಬೇಕು.'

ಚಾಂದ್ ಬಗ್ಗಿದ. ಮೆತ್ತನೆಯ ಬೆರಳುಗಳು ಅವಳ ಹೆಬ್ಬೆರಳ ಬುಡವನ್ನು ಮಡಚಿ, ಕೆಂಪು ಬಳೆಯೊಳಗೆ ಕೈಯನ್ನು ಕರೆದವು. ಬಳೆ ಜಾರಿ ಮಣಿಕಟ್ಟಿಗೆ ಬಂತು. ಚಪ್ಪಾಳೆಗೆ ಮಂಟಪದ ಸೀಲಿಂಗ್ ಫ್ಯಾನುಗಳು ಉಲ್ಟಾ ತಿರುಗಿದವು!

ಆದರೆ ಚಾಂದ್ ಕೈ ಬಿಡಲಿಲ್ಲ.

ಮೆಹನಾಜ್ ಎಳೆದಳು. ದಾರ ಎಲ್ಲೋ ಸಿಕ್ಕಿಕೊಂಡಿತ್ತು. ತಾರಿಖ್ ಸ್ಕ್ರೂ ಡ್ರೈವರ್ ಹಿಡಿದು ಓಡಿ ಬಂದು ಮಂಡಿಯೂರಿದ. ಜನ ನಗುತ್ತಾ ಪಕ್ಕದ ರೋಬೋಟಿನತ್ತ ಹೊರಟರು.

"ನೋವಾಗ್ತಿದ್ಯಾ?"

"ಇಲ್ಲ... ಬೇಗ ಬಿಡ್ಸಿ. ಎಲ್ರೂ ನೋಡ್ತಿದಾರೆ."

ಅವನು ಒಂದು ಸ್ಕ್ರೂ ಬಿಚ್ಚಿದ. ಎರಡನೆಯದಕ್ಕೆ ನಿಲ್ಲಿಸಿದ.

"ಒಂದ್ ಮಾತು. ಬಳೆ ತೊಡ್ಸೋದು ಕಲಿಯೋಕೆ ಒಂದೇ ದಿನ ಸಾಕಿತ್ತು. ಪ್ರತಿ ಬುಧವಾರ ಬರೋ ಅಗತ್ಯ ಇರ್ಲಿಲ್ಲ."

"ಮತ್ಯಾಕೆ ಬಂದ್ರಿ?"

"ಯಾಕೆ ಅಂತ ನಿಮ್ಮಬ್ಬಾ ಹತ್ರ ಹೇಳೋಣ ಅಂತಿದೀನಿ. ಹೇಳ್ಲಾ?"

ಮೆಹನಾಜ್ ಅವತ್ತು ಮೊದಲ ಸಲ ತಲೆ ಎತ್ತಿ ಅವನ ಮುಖ ನೋಡಿದಳು. ಕಣ್ಣು ತುಂಬಿತ್ತು.

"ಇಷ್ಟೆಲ್ಲ ಮಾಡಿದ ಮೇಲೂನಾ?"

"ಇಷ್ಟೆಲ್ಲ ಮಾಡಿ, ಇಷ್ಟು ಜನರ ಮುಂದೆ ಒಪ್ಕೊಂಡ ಮೇಲೆ." ಅವನು ಕೊನೆಯ ಸ್ಕ್ರೂ ಮೇಲೆ ಕೈಯಿಟ್ಟ. "ಇದು ಬಿಚ್ಚಿದ್ರೆ ಓಡೋಗ್ತೀರಾ?"

"ಬಿಚ್ಚಿ ನೋಡಿ."

ಸ್ಕ್ರೂ ತಿರುಗಿತು. ಪ್ಲಾಸ್ಟಿಕ್ ಬೆರಳುಗಳು ಸಡಿಲಾಗಿ ತೆರೆದುಕೊಂಡವು.

ಮೆಹನಾಜ್ ಕೈ ಅಲ್ಲೇ ಇತ್ತು.