ತೊಟ್ಟಿಗೆ ಬಿದ್ದ ಡ್ರೋನ್

ಡ್ರೋನ್ ನೀರಿನ ತೊಟ್ಟಿಯ ತಳದಲ್ಲಿ ಬಿದ್ದಿತ್ತು.

ಮೊದಲು ಕಂಡವಳು ಹಲ್ಲುಜ್ಜಲು ಬಂದಿದ್ದ ಹತ್ತನೇ ತರಗತಿಯ ಹುಡುಗಿ. ವಿಜ್ಞಾನ ಶಿಬಿರದಲ್ಲಿ ಅವಳ ಹೆಸರು ಯಾಕಮ್ಮ. ಪ್ರತಿ ಪಾಠದಲ್ಲೂ 'ಯಾಕೆ ಸರ್?' ಎಂದು ಕೈಯೆತ್ತಿ ಅವಳೇ ಸಂಪಾದಿಸಿಕೊಂಡ ಬಿರುದು. ಬ್ರಷ್ಷನ್ನು ಬಾಯಲ್ಲೇ ಕಚ್ಚಿಕೊಂಡು, ಅಂಗಿಯ ತೋಳು ಮಡಚಿ, ಕೈ ಇಳಿಸಿ ಅದನ್ನು ಮೇಲೆತ್ತಿದಳು. ನಾಲ್ಕೂ ರೆಕ್ಕೆಗಳ ತುದಿ ಮುರಿದಿತ್ತು. ಅದು ಅವಳ ರೂಮಿನ ಗೆಳತಿ ಮೌನಿಯ ತಂಡದ್ದು. ಇವತ್ತು ಮಧ್ಯಾಹ್ನವೇ ಶಿಬಿರದ ಕೊನೆಯ ಪ್ರದರ್ಶನ.

ತಿಂಡಿಯ ಹೊತ್ತಿಗೆ ಮೌನಿ ಆಫೀಸಿನಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ನಿನ್ನೆ ಸಂಜೆ ಲ್ಯಾಬಿನಿಂದ ಕೊನೆಗೆ ಹೊರಬಂದು, ಕೀಲಿಯನ್ನು ಆಫೀಸಿನ ಮೊಳೆಗೆ ತೂಗುಹಾಕಿದವಳು ಅವಳೇ. ಅದಕ್ಕೂ ಮುಂಚೆ ತಂಡದವರ ಜೊತೆ ಎಲ್ಲರೆದುರು ಜಗಳವಾಡಿದ್ದಳು.

"'ನಾನೇ ಇದನ್ನ ನೀರಿಗೆ ಎಸೀತೀನಿ' ಅಂದಿದ್ದು ನಿಜಾನಾ?" ನಿರ್ದೇಶಕಿ ಮೇಡಂ ಕೇಳಿದರು.

"ಸಿಟ್ಟಲ್ಲಿ ಅಂದೆ ಮೇಡಂ. ಎಸೆದಿಲ್ಲ."

"ನಿಮ್ಮಮ್ಮಂಗೆ ಫೋನ್ ಮಾಡಿದೀನಿ. ಬಂದು ಕರ್ಕೊಂಡು ಹೋಗ್ತಾರೆ."

ಪಕ್ಕದಲ್ಲಿದ್ದ ಡ್ರೋನ್ ಸರ್, ಅಂದರೆ ಮಕ್ಕಳಿಗೆ ಹಾರಾಟ ಕಲಿಸುವ ಮೇಷ್ಟ್ರು, "ಚಿಕ್ಕ ಹುಡುಗಿ. ಏನೋ ಆವೇಶದಲ್ಲಿ ಮಾಡಿದಾಳೆ, ಬಿಡಿ ಮೇಡಂ" ಎಂದು ಮೆತ್ತಗೆ ಹೇಳಿದರು.

ಬಾಗಿಲ ಸಂದಿಯಲ್ಲಿದ್ದ ಯಾಕಮ್ಮನಿಗೆ ಮೈ ಉರಿಯಿತು. ಮಾಡಿದಾಳೆ ಅಂತ ಯಾರು ಹೇಳಿದ್ದು?

*

ಮೊದಲ ಅನುಮಾನ ಚಾಂಪಿಯನ್ ಮೇಲೆ. ಎದುರು ತಂಡದ ನಾಯಕ. ಸೋಲೆಂದರೆ ಅವನಿಗೆ ಜ್ವರ ಬರುತ್ತದೆ. ಬೆಳಗ್ಗೆಯೇ ಅವನ ಶೂ ತೊಯ್ದು ತೊಪ್ಪೆಯಾಗಿತ್ತು.

"ತೊಟ್ಟಿ ಹತ್ತಿರ ಏನ್ ಮಾಡ್ತಿದ್ದೆ?"

"ನಲ್ಲಿ ಹತ್ತಿರ ಇದ್ದೆ." ಅವನು ಆಚೀಚೆ ನೋಡಿ ದನಿ ತಗ್ಗಿಸಿದ. "ನೀರು ಸೋರಿದ್ರೆ ಕೂಗ್ಬೇಕು ನಮ್ಮ ಯಂತ್ರ. ಕೂಗ್ತಿಲ್ಲ ಕಣೇ. ಬಕೆಟ್ ಬಕೆಟ್ ನೀರು ಸುರಿದೆ. ಕಮಕ್ ಕಿಮಕ್ ಅನ್ನಲಿಲ್ಲ. ಯಾರಿಗೂ ಹೇಳ್ಬೇಡ."

ಅವನ ಕಿವಿ ಕೆಂಪಗಾಗಿತ್ತು. ಸುಳ್ಳು ಹೇಳುವವನು ಇಷ್ಟು ಮಾನಗೇಡಿನ ಸುಳ್ಳನ್ನು ಆರಿಸಿಕೊಳ್ಳುವುದಿಲ್ಲ. ಯಾಕಮ್ಮ ಅವನನ್ನೂ ಎಳೆದುಕೊಂಡು ಲ್ಯಾಬಿಗೆ ಓಡಿದಳು.

ಮೇಜಿನ ಮೇಲೆ ಡ್ರೋನ್‌ನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅವಳು ಒಂದೊಂದೇ ರೆಕ್ಕೆಯನ್ನು ಬೆರಳಲ್ಲಿ ತಿರುಗಿಸಿದಳು. ಮೂರು ಸಲೀಸಾಗಿ ತಿರುಗಿದವು. ನಾಲ್ಕನೆಯದು ಬಿಗಿದುಕೊಂಡಿತು. ಚಿಮಟದಿಂದ ಎಳೆದಳು. ಒದ್ದೆ ನೀಲಿ ದಾರ ಉದ್ದಕ್ಕೆ ಬಿಚ್ಚಿಕೊಂಡು ಬಂತು.

ಯಾಕೆ? ತೊಟ್ಟಿಯಲ್ಲಿ ನೀಲಿ ದಾರ ಎಲ್ಲಿಂದ ಬಂತು?

ಅವಳು ತಲೆಯೆತ್ತಿದಳು. ಕಿಟಕಿಗಳಲ್ಲೆಲ್ಲ ನೀಲಿ ಪರದೆ. ಮೂಲೆಯ ಒಂದು ಪರದೆಯಲ್ಲಿ ಮಾತ್ರ ಹೊಲಿಗೆಯ ಮಡಿಕೆ ಕಿಟಕಿಯ ಕಡೆಗಲ್ಲದೆ ಕೋಣೆಯ ಕಡೆಗಿತ್ತು. ಹತ್ತಿರ ಹೋಗಿ ನೆರಿಗೆ ಬಿಡಿಸಿದಳು. ಬಟ್ಟೆ ಉದ್ದಕ್ಕೆ ಸೀಳಿತ್ತು.

"ಮೇಡಂನ ಕರ್ಕೊಂಡು ಬಾ," ಎಂದಳು ಚಾಂಪಿಯನ್‌ಗೆ. "ಓಡು."

*

ಮೇಡಂ ಬಂದರು. ಡ್ರೋನ್ ಸರ್ ಬಂದರು. ಹಿಂದೆಯೇ ಮೌನಿ ಸೇರಿ ಅರ್ಧ ಶಿಬಿರ ನುಗ್ಗಿತು. ಯಾಕಮ್ಮ ಪರದೆಗೆ ಬೆನ್ನು ಕೊಟ್ಟು ನಿಂತಿದ್ದಳು.

"ಮೇಡಂ, ಇದು ನೀರಿಗೆ ಬಿದ್ದು ಮುರಿದಿದ್ದಲ್ಲ. ನೀರಿಗೆ ಬಿದ್ರೆ ನಾಲ್ಕೂ ರೆಕ್ಕೆ ಹೀಗೆ ಮುರಿಯಲ್ಲ. ಜೋರಾಗಿ ತಿರುಗ್ತಾ ಏನಕ್ಕೋ ಬಡಿದಿದೆ. ಯಾರೋ ಲ್ಯಾಬಲ್ಲೇ ಹಾರಿಸಿದಾರೆ."

ಡ್ರೋನ್ ಸರ್ ನಕ್ಕರು. "ಒಳಗೆ ಹಾರಿಸಿದ್ರೆ ಪರದೆಗೆ ಸಿಕ್ಕಾಕೊಳ್ಳುತ್ತೆ ಅಂತ ಮೊದಲನೇ ದಿನವೇ ಹೇಳಿಲ್ವಾ? ಯಾರು ಹಾರಿಸ್ತಾರೆ?"

"ಮೊದಲನೇ ದಿನ ನೀವು ಗೋಡೆಗೆ ಬಡಿಯುತ್ತೆ, ಫ್ಯಾನಿಗೆ ಬಡಿಯುತ್ತೆ ಅಂದಿದ್ರಿ ಸರ್. ಪರದೆ ವಿಷಯ ಹೇಳಿರಲಿಲ್ಲ. ನಾನೂ ಈಗ ಹೇಳಲಿಲ್ಲ."

ನಗು ಅರ್ಧಕ್ಕೇ ನಿಂತಿತು. ಅವಳು ಪಕ್ಕಕ್ಕೆ ಸರಿದು ಪರದೆ ಅಗಲಿಸಿದಳು, ಕೈಯಲ್ಲಿದ್ದ ದಾರವನ್ನು ಸೀಳಿಗೆ ಹಿಡಿದಳು. ಅದೇ ನೀಲಿ, ಅದೇ ನೂಲು.

"ಸೀಳಿದ್ದು ಮೂಲೆಯ ನೆರಿಗೆಯಲ್ಲಿ ಮುಚ್ಚಿಹೋಗಲಿ ಅಂತ ಪರದೆ ತಿರುಗಿಸಿ ಹಾಕಿದಾರೆ. ಲ್ಯಾಬಿನ ಕೀಲಿ ಯಾರಿಗೆ ಬೇಕಾದ್ರೂ ಸಿಗುತ್ತೆ. ಆದ್ರೆ ರಿಮೋಟ್ ಇಲ್ಲದೆ ಡ್ರೋನ್ ಮೇಲೇಳಲ್ಲ. ರಿಮೋಟೆಲ್ಲ ನಿಮ್ಮ ಬೀರುವಲ್ಲಿರುತ್ತೆ. ಅದರ ಕೀಲಿ ನಿಮ್ಮ ಕೊರಳಲ್ಲೇ ಇದೆ ಸರ್."

ಅವರ ಕೈ ತಾನಾಗಿ ಕೊರಳಿಗೆ ಹೋಯಿತು.

"ನಾನು ಮಾಡಿದ ಡ್ರೋನ್‌ಗಳಿಗಿಂತ ಚೆನ್ನಾಗಿತ್ತು ಅದು," ಎಂದರು ಸರ್ ಕೊನೆಗೆ. "ಒಂದೇ ಸಲ ಹಾರಿಸಿ ನೋಡೋಣ ಅನ್ನಿಸ್ತು. ಪರದೆಗೆ ಸಿಕ್ಕಿ, ಗೋಡೆಗೆ ಬಡಿದು ಮುರಿದು ಹೋಯ್ತು. ಒಳಗೆ ಹಾರಿಸಬಾರದು ಅಂತ ನಿಯಮ ಮಾಡಿದವನೇ ನಾನು. ಕೆಲಸ ಹೋಗುತ್ತೆ ಅಂತ ಹೆದರಿದೆ. ಮೌನಿ ನೀರಿಗೆ ಎಸೀತೀನಿ ಅಂದ ಮಾತು ಕಿವೀಲಿತ್ತು."

"ಅದಕ್ಕೇ ತೊಟ್ಟಿಗೆ ಎಸೆದ್ರಾ?" ಮೇಡಂ ಕೇಳಿದರು.

ಸರ್ ಹೌದೆಂದು ತಲೆಯಾಡಿಸಿದರು. ಮೇಡಂ ಕೈ ಚಾಚಿದರು. ಕೊರಳಿನ ಕೀಲಿ ಅವರ ಕೈ ಸೇರಿತು. "ನೀವು ಆಫೀಸಲ್ಲಿ ಕೂತಿರಿ," ಎಂದು ಸರ್‌ಗೆ ಹೇಳಿ ಮೌನಿಯ ಕಡೆ ತಿರುಗಿದರು. "ನಾನು ದುಡುಕಿದೆ ಮಗಳೇ."

ಮೌನಿಯ ಕಣ್ಣು ಆಗಲೇ ಡ್ರೋನ್ ಮೇಲಿತ್ತು. "ಬ್ಯಾಟರಿ, ಬೋರ್ಡು ಎರಡೂ ಹೋಗಿದೆ," ಎಂದಳು.

"ಎಲ್ಲ ತಂಡಕ್ಕೂ ಒಂದೇ ಕಿಟ್ ಅಲ್ವಾ, ನಮ್ಮ ಹತ್ತಿರ ಇದೆ. ರೆಕ್ಕೆ ಕೂಡ," ಎಂದ ಚಾಂಪಿಯನ್. "ಹೆಂಗೂ ನಮ್ದು ಕೂಗಲ್ಲ."

*

ಬೆಸುಗೆಯ ಹೊಗೆ, ಸ್ಕ್ರೂಗಳ ಹುಡುಕಾಟ, ಒಬ್ಬರ ಮೇಲೊಬ್ಬರ ಕೂಗಾಟ. ಊಟ ಯಾರಿಗೂ ನೆನಪಾಗಲಿಲ್ಲ. ಪ್ರದರ್ಶನಕ್ಕೆ ಎಲ್ಲರೂ ಮೈದಾನದಲ್ಲಿ ಸೇರಿದಾಗ ಗೇಟಿನಿಂದ ಒಬ್ಬ ಹೆಂಗಸು ದಡಬಡನೆ ಬಂದರು. ಮಗಳ ಬಟ್ಟೆಗೆಂದು ಖಾಲಿ ಚೀಲ ತಂದಿದ್ದರು. ಅತ್ತು ಅತ್ತು ಮುಖ ಊದಿತ್ತು.

"ಏನೇ ಮಾಡಿದೆ ನೀನು? ಎಲ್ಲರ ಮುಂದೆ..."

"ಹಾರಿಸ್ತಿದೀನಿ ಅಮ್ಮ," ಎಂದಳು ಮೌನಿ, ರಿಮೋಟಿನಿಂದ ಕಣ್ಣು ತೆಗೆಯದೆ. "ಸ್ವಲ್ಪ ಹಿಂದೆ ನಿಂತ್ಕೋ."